ಎಳೆಯದ ಏಣಿ

ಆ ಹುಡೇವಿಗೆ ನೆಲದಲ್ಲಿ ಬಾಗಿಲಿರಲಿಲ್ಲ. ನೆಲದಿಂದ ಎರಡಾಳೆತ್ತರದಲ್ಲಿ, ದುಂಡು ಗೋಡೆಯ ನಡುವೆ, ಒಬ್ಬರು ಬಗ್ಗಿ ಒಳಹೋಗುವಷ್ಟು ಕಪ್ಪು ಕಿಂಡಿಯೊಂದಿತ್ತು. ಅದೇ ಬಾಗಿಲು. ಅಲ್ಲಿಂದ ಒಂದು ಮರದ ಏಣಿ ನೆಲಕ್ಕೆ ಇಳಿದಿತ್ತು. ಬಸ್ಸಿನಿಂದ ಇಳಿದ ನನಗೆ ಮೊದಲು ಕಂಡದ್ದು ಗೋಪುರವಲ್ಲ, ಆ ಏಣಿ. ಯಾರೋ ಈಗಷ್ಟೇ ಹತ್ತಿ ಹೋಗಿದ್ದಾರೆ, ಅಥವಾ ಇನ್ನೇನು ಹತ್ತಲು ಬರುತ್ತಾರೆ ಅನ್ನಿಸುವಂತೆ ಅದು ನಿಂತಿತ್ತು.

ನೋಡಿದೆ. ನೋಡಿ, ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡೆ. ಆ ದಿನಗಳಲ್ಲಿ ಯಾವುದನ್ನು ನೋಡಿದರೂ ನನಗೆ ಅಷ್ಟೇ ಆಗುತ್ತಿತ್ತು.

ಊರಿನ ಮೇಲೆ ದಂಡು ಬೀಳುತ್ತಿದ್ದ ಕಾಲದಲ್ಲಿ ಬಯಲು ಸೀಮೆಯವರು ಕಟ್ಟಿಕೊಂಡ ಕಾವಲು ಗೋಪುರಕ್ಕೆ ಹುಡೇವು ಎನ್ನುತ್ತಾರೆ. ದೂರದಲ್ಲಿ ಧೂಳು ಕಂಡರೆ ಮೇಲಿದ್ದವನು ನಗಾರಿ ಬಾರಿಸಬೇಕು. ಜನ ಮಕ್ಕಳನ್ನು, ಕಾಳನ್ನು, ಎಳೆಗರುಗಳನ್ನು ಎತ್ತಿಕೊಂಡು ಓಡಿ ಬಂದು ಏಣಿ ಹತ್ತಿ ಒಳಸೇರಬೇಕು. ಕೊನೆಯವನು ಹತ್ತಿದ ಮೇಲೆ ಏಣಿಯನ್ನು ಒಳಗೆ ಎಳೆದುಕೊಳ್ಳಬೇಕು. ಇಷ್ಟು ನನಗೆ ವಿಶ್ವವಿದ್ಯಾಲಯದಲ್ಲೇ ಗೊತ್ತಿತ್ತು. ಇತಿಹಾಸದ ಎಂ.ಎ. ಪರೀಕ್ಷೆಯಲ್ಲಿ ಹುಡೇವುಗಳ ಮೇಲೆ ಒಂದೂವರೆ ಪುಟ ಬರೆದಿದ್ದೆ, ಒಂದನ್ನೂ ನೋಡದೆ.

ನೋಡಿದವರು ನನ್ನ ಗಂಡ. ಕೇಶವ ಇಲಾಖೆಯಲ್ಲಿ ಅಳತೆಯ ಕೆಲಸದಲ್ಲಿದ್ದರು. ಆ ಸೀಮೆಯ ಹನ್ನೊಂದು ಹುಡೇವುಗಳನ್ನು ಅಳೆದು ಒಂದೊಂದಕ್ಕೂ ವರದಿ ಕೊಡುವುದು ಅವರ ಪಾಲಿಗೆ ಬಂದಿತ್ತು. ಹತ್ತು ಮುಗಿಸಿದರು. ಹೋದ ವರ್ಷ ಸಂಕ್ರಾಂತಿಯಾದ ಮರುವಾರ ಹನ್ನೊಂದನೆಯ ಊರಿನಿಂದ ಜ್ವರ ಹೊತ್ತು ಮನೆಗೆ ಬಂದರು. ಐದನೆಯ ದಿನ ತೀರಿಕೊಂಡರು. ನಮ್ಮ ಮದುವೆಯಾಗಿ ಎರಡು ವರ್ಷವೂ ತುಂಬಿರಲಿಲ್ಲ.

ಇಲಾಖೆ ಅನುಕಂಪದ ಮೇಲೆ ನನಗೆ ಗುಮಾಸ್ತೆಯ ಕೆಲಸ ಕೊಟ್ಟಿತು. ಅವರ ಮೇಜೇ ನನಗೆ ಬಂತು. ಮೇಜಿನ ಖಾನೆಯಲ್ಲಿ ಅವರ ಕಡತವೂ. ಉಗ್ರಾಣದಿಂದ ತಿಂಗಳಿಗೊಂದು ಚೀಟಿ ಬರುತ್ತಿತ್ತು: ‘ಮೃತರ ಹೆಸರಿನಲ್ಲಿರುವ, ಚರ್ಮದ ಒರೆಯ ಅಳತೆ ಪಟ್ಟಿಯನ್ನು ಹಿಂದಿರುಗಿಸತಕ್ಕದ್ದು.’ ಮನೆಯಲ್ಲೆಲ್ಲ ಹುಡುಕಿದ್ದೆ. ಸಿಕ್ಕಿಲ್ಲವೆಂದು ಬರೆದು ಕಳಿಸಿದೆ. ಮುಂದಿನ ತಿಂಗಳು ಮತ್ತೆ ಅದೇ ಚೀಟಿ.

ಕಡತದ ಹನ್ನೊಂದನೆಯ ಹಾಳೆಯಲ್ಲಿ ಊರಿನ ಹೆಸರಿತ್ತು. ಕೆಳಗೆ ಅವರ ಅಕ್ಷರದಲ್ಲಿ ಒಂದೇ ಸಾಲು: ‘ನೆಲದಿಂದ ಬಾಗಿಲಿಗೆ ಹನ್ನೊಂದು ಅಡಿ ನಾಲ್ಕು ಅಂಗುಲ.’ ಉಳಿದ ಅಂಕಣಗಳೆಲ್ಲ ಖಾಲಿ. ಕೊನೆಯ ಅಂಕಣ, ‘ಕಟ್ಟಡ ಬಳಕೆಯಲ್ಲಿದೆಯೇ?’ ಇದೆ ಎಂದು ಬರೆದರೆ ಗೋಪುರ ಉಳಿಯುತ್ತದೆ. ಇಲ್ಲ ಎಂದರೆ ಅದನ್ನು ಕೆಡವಿ ಕಲ್ಲುಗಳನ್ನು ಊರಿನ ಕೆಲಸಕ್ಕೆ ಬಳಸಬಹುದು. ಆ ಊರಿನ ಕೆರೆಯ ಏರಿ ಒಡೆದಿತ್ತು. ಕಲ್ಲು ಬೇಕೆಂದು ಊರಿನವರು ಬರೆದ ಅರ್ಜಿಗಳು ಕಡತಕ್ಕಿಂತ ದಪ್ಪವಾಗಿದ್ದವು.

“ಹೋಗಿ ಆ ಹಾಳೆ ತುಂಬಿಕೊಂಡು ಬನ್ನಿ. ನಿಮಗೆ ಕಷ್ಟವೆನಿಸಿದರೆ ಬೇರೆಯವರನ್ನು ಕಳಿಸುತ್ತೇನೆ,” ಎಂದರು ಮೇಲಧಿಕಾರಿ.

ಕಷ್ಟವೇನಿಲ್ಲ ಎಂದೆ. ನಿಜವಾಗಿಯೂ ಇರಲಿಲ್ಲ. ಆ ಹಾಳೆ ತುಂಬಿದರೆ ಅವರದೆಂಬುದು ಯಾವುದೂ ಬಾಕಿ ಉಳಿಯುತ್ತಿರಲಿಲ್ಲ. ನನಗೆ ಅದೇ ಬೇಕಾಗಿತ್ತು. ಹೋಗುವುದು, ‘ಇಲ್ಲ’ ಎಂದು ಬರೆಯುವುದು, ಸಂಜೆಯ ಬಸ್ಸು ಹಿಡಿಯುವುದು. ನಾನು ಯಾರ ಹೆಂಡತಿ ಎಂದು ಅಲ್ಲಿ ಯಾರಿಗೂ ಹೇಳಬಾರದೆಂದುಕೊಂಡೆ. ಹೇಳಿದರೆ ಅವರು ಅಯ್ಯೋ ಎನ್ನುತ್ತಾರೆ. ಹದಿನಾಲ್ಕು ತಿಂಗಳಲ್ಲಿ ಅಯ್ಯೋ ಕೇಳಿ ಕೇಳಿ ದಣಿದಿದ್ದೆ.

ಊರಿನ ಕಚೇರಿಯ ಗುಮಾಸ್ತ ಚನ್ನವೀರಯ್ಯ ಛತ್ರಿ ಬಿಚ್ಚಿಕೊಂಡು ನನಗಾಗಿ ಕಾದಿದ್ದರು.

“ಬರ್ರಿ ಅಕ್ಕಾರ, ಬರ್ರಿ. ಇದಽ ನೋಡ್ರಿ ನಮ್ಮ ಹುಡೇವು. ಇದರ ವಯಸ್ಸೆಷ್ಟು ಅಂತ ಇದಕ್ಕಽ ಗೊತ್ತಿಲ್ಲ. ಬರಕೊಳ್ರಿ, ಬಳಕೆ ಇಲ್ಲ ಅಂತ. ಮುಗೀತು. ನಮ್ಮ ಮನ್ಯಾಗ ಜ್ವಾಳದ ರೊಟ್ಟಿ, ಎಣ್ಣಿಗಾಯಿ ಮಾಡಿಸೀನಿ.”

“ಒಳಗೆ ಯಾರೂ ಇಲ್ಲವೇ? ಏಣಿ ಇದೆಯಲ್ಲ?”

“ಒಬ್ಬಾಕಿ ಮುದುಕಿ ಅದಾಳ್ರಿ, ಗಾಳೆವ್ವ ಅಂತ. ಇದರ ಕಾವಲು ಆಕಿ ಗಂಡನ ಮನಿತನದ್ದು. ಇದ್ರೂ ಇಲ್ಲದಂಗಽ.”

“ಇದ್ದಾಕೀನ್ನ ಇಲ್ಲ ಅನ್ನಾಕ ನಿನಗೇನು ಅವಸರೋ, ಚನ್ನವೀರಾ?”

ಮಾತು ಗೋಪುರದ ಬುಡದಲ್ಲಿದ್ದ ಗುಡಿಸಲಿನಿಂದ ಬಂತು. ಮಾತಿನ ಹಿಂದೆಯೇ ಮುದುಕಿ ಬಂದಳು. ಬತ್ತಿದ ಮೈ, ಬೋಳು ಹಣೆ. ಅಂಗೈ ಮಾತ್ರ ಗಂಡಸರದರಂತೆ ಅಗಲ. ಹಗ್ಗ ಎಳೆದೆಳೆದು ಜಡ್ಡುಗಟ್ಟಿದ ಅಂಗೈ.

“ನೀನಽ ಹೇಳು ಹಂಗಾರ,” ಎಂದರು ಚನ್ನವೀರಯ್ಯ. “ಹೊತ್ತು ಮುಣುಗಿದ ಕೂಡಲೆ ನಿಚ್ಚಣಿಕಿ ಎಳದು ಒಳಗ ಹಾಕೋದು, ಮುಂಜಾನೆ ಇಳಿಸೋದು, ಇದು ನಿಮ್ಮ ಮನಿತನದ ಕೆಲಸ ಹೌದಿಲ್ಲೋ? ದಿನಾ ಎಳೀತೀ ಅಂದ್ರ ಹುಡೇವು ಬಳಕ್ಯಾಗ ಐತಿ ಅಂತ ನಾನಽ ಬರಸ್ತಿದ್ದೆ. ಎಳದು ಎಷ್ಟು ದಿನಾತು, ಹೇಳು ಅಕ್ಕಾರಿಗೆ.”

“ವರ್ಸದ ಮ್ಯಾಲಾತು.”

“ಕೇಳಿದ್ರ್ಯಾ? ಆಕೀನಽ ಒಪ್ಪಿದ್ಲು.”

“ಎಳೀದಽ ಇರೋದೂ ನನ್ನ ಕೆಲಸಾನಽ,” ಎಂದಳು ಗಾಳೆವ್ವ. “ಒಬ್ಬರು ಹೊರಗದಾರ. ಅವರು ಬರೂತನಕ ಎಳೀಬಾರದು.”

“ಯಾರು ಅದಾರವ್ವಾ ಹೊರಗ? ಊರಾಗ ಎಲ್ಲಾರೂ ಅದಾರ. ತಲಿ ಎಣಿಸೋ ಪುಸ್ತಕ ನನ್ನ ಹತ್ರಽ ಐತಿ.”

“ಹೆಸರು ಹೊತ್ತು ಮುಣುಗಾಗ ಹೇಳೂದು. ಹಗಲಿ ಹೇಳೂದಲ್ಲ.”

ಚನ್ನವೀರಯ್ಯ ನನ್ನ ಕಡೆ ತಿರುಗಿ ಕಣ್ಣಲ್ಲೇ ನಕ್ಕರು. “ದಿನಾ ಸಂಜೀಮುಂದ ಮ್ಯಾಲೆ ಕುಂತು ಏನೋ ಒದರತಾಳ್ರಿ. ಮಂದಿ ಕೇಳೂದು ಬಿಟ್ಟಾರ. ಗಾಳೆವ್ವಾ, ಈ ಮಳಿಗಾಲದಾಗ ಏರಿ ಕಟ್ಟದಿದ್ರ ಕೆರಿ ಇರೂದಿಲ್ಲ. ನೀರು ದೊಡ್ಡದೋ, ನಿನ್ನ ನಿಚ್ಚಣಿಕಿ ದೊಡ್ಡದೋ?”

“ಗುಡ್ಡದಾಗ ಕಲ್ಲಿಲ್ಲೇನು? ಕಲ್ಲು ಐತಿ, ಹೊರಾಕ ನಿಮಗ ಹೆಗಲಿಲ್ಲ. ನಿಮ್ಮಪ್ಪ ಇದಽ ನಿಚ್ಚಣಿಕಿ ಮೂರನೇ ಮೆಟ್ಟಲದಾಗ ನಿಂತು, ಹತ್ತಾಕ ಅಂಜಿ ಅಳತಿದ್ದ. ನೀನು ಮೆಟ್ಟಲಽ ಬ್ಯಾಡ ಅಂತೀ. ನಿನ್ನ ಮಗ ನೆಲಾನೂ ಬ್ಯಾಡ ಅಂತಾನ ನೋಡು.”

ಚನ್ನವೀರಯ್ಯನವರಿಗೆ ಸಿಟ್ಟು ಬರಲಿಲ್ಲ. ಛತ್ರಿಯನ್ನು ನನ್ನ ಕೈಗೆ ಕೊಟ್ಟು, “ಊಟಕ್ಕ ಬರಲಿಲ್ಲಂದ್ರ ನಮ್ಮ ಮನ್ಯಾಗ ಬೇಜಾರಾಗ್ತಾರ ಅಕ್ಕಾರ,” ಎಂದರು. ಬುತ್ತಿ ತಂದಿದ್ದೇನೆ ಎಂದೆ. “ಹಂಗಾರ ಬಸ್ಸಿನ ಹೊತ್ತಿಗೆ ಹಾಳಿ ನೋಡತೀನಿ. ನಾ ಹೋಗತೀನ್ರಿ.”

ಆ ಮಾತು ಕಿವಿಗೆ ಒರಟಾಗಿ ತಾಗಿತು. ನಮ್ಮಲ್ಲಿ ಯಾರೂ ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ; ಸಾಲಗಾರ ಕೂಡ ಬರುತ್ತೇನೆ ಎಂದೇ ಹೋಗುತ್ತಾನೆ.

ಗಾಳೆವ್ವ ನನ್ನ ಬುತ್ತಿಯ ಮೊಸರನ್ನಕ್ಕೆ ಒಂದು ಹಸಿ ಉಳ್ಳಾಗಡ್ಡಿ ಗುದ್ದಿ ಕೊಟ್ಟಳು. ಎದುರು ಕುಳಿತು ನಾನು ಉಣ್ಣುವುದನ್ನು ನೋಡಿದಳು.

“ಹಣ್ಯಾಗ ಕುಂಕುಮಿಲ್ಲ,” ಎಂದಳು.

ನಾನು ಮುಂದಿನ ತುತ್ತು ಕಲಸಿದೆ.

“ಸಣ್ಣ ವಯಸ್ಸು. ಇರಲಿ, ನಾ ಕೇಳೂದಿಲ್ಲ. ಕೇಳಿದ್ರ ಮಂದಿ ಏನು ಕೊಡತಾರು, ಅಯ್ಯೋ ಅಂತಾರು. ಅಯ್ಯೋನ್ನ ಉಣ್ಣಾಕ ಬರತೈತೇನು?” ಉಳ್ಳಾಗಡ್ಡಿ ಸಿಪ್ಪೆಯನ್ನು ಆಚೆ ಎಸೆದು, “ನಿಮ್ಮಂಗಽ ಪುಸ್ತಕದಾಗಿನ ಮಾತಾಡೋರೊಬ್ಬರು ಹಿಂದ ಬಂದಿದ್ರು,” ಎಂದಳು.

“ಇರಬಹುದು,” ಎಂದೆ. ಡಬ್ಬಿಯನ್ನು ತೊಳೆದೆ.

ಮಧ್ಯಾಹ್ನ ಗೋಪುರವನ್ನು ಒಂದು ಸುತ್ತು ಬಂದೆ. ಅಡಿಯಲ್ಲಿ ಅಗಲ, ಮೇಲೆ ಹೋದಂತೆ ಕಿರಿದು. ಕೆಳಗೆ ದಿಂಡುಗಲ್ಲು, ಮೇಲೆ ಸಣ್ಣ ಕಲ್ಲು, ನಡುನಡುವೆ ಬಂದೂಕು ತೂರುವ ಕಿಂಡಿಗಳು. ಉಳಿದ ಅಂಕಣಗಳಲ್ಲಿ ಇದನ್ನೆಲ್ಲ ಬರೆದೆ. ಅವರ ಆ ಒಂದು ಸಾಲಿನ ಕೆಳಗೆ ನನ್ನ ಅಕ್ಷರ ಬೇರೆ ಯಾರದೋ ಮನೆಗೆ ಬಂದು ಕುಳಿತವರಂತೆ ಕಾಣುತ್ತಿತ್ತು.

“ಮ್ಯಾಲೆ ಬರೂದಿಲ್ಲೇನು?” ಗಾಳೆವ್ವ ಏಣಿಯ ಪಕ್ಕದಲ್ಲಿ ನೆರಳಿಗೆ ಕುಳಿತಿದ್ದಳು. “ಒಳಗ ನೋಡದಽ ಬರಿಯೋದು ಎಂಥಾದ್ದು?”

“ಬೇಡ. ಕೆಳಗಿನಿಂದಲೇ ಆಗುತ್ತದೆ.”

“ದಣದೀ.”

“ಹೌದು.”

“ಹಂಗಾರ ಕುಂದ್ರು. ಒಳಗಿನ ಸುದ್ದಿ ಹೊರಗಽ ಹೇಳತೀನಿ. ಅದನ್ನೂ ಬರಕೋ.”

ನಾನು ಕುಳಿತೆ. ಪೆನ್ನು ತೆಗೆಯಲಿಲ್ಲ.

ಅವಳ ಗಂಡನ ಮನೆತನದ ಹಿರಿಯನೊಬ್ಬನಿದ್ದನಂತೆ, ಕೆಂಚಪ್ಪ ಎಂದು. ಗೋಪುರದ ಕಾವಲಿಗೆ ನಿಂತವರಲ್ಲಿ ಮೊದಲಿನವನು. ಒಂದು ಮಧ್ಯಾಹ್ನ ಮೂಡಣದಲ್ಲಿ ಧೂಳೆದ್ದಿತು. ನಗಾರಿ ಬಾರಿಸಿದ. ಊರಿಗೆ ಊರೇ ಓಡಿ ಬಂದು ಹತ್ತಿತು. ಕೊನೆಯವನು ಹತ್ತಿದನೆಂದು ಏಣಿ ಎಳೆದುಕೊಂಡ. ಆಗ ಕೆಳಗಿನಿಂದ ಒಂದು ಕೂಗು. ಅವನ ಹೆಂಡತಿ ಹೊನ್ನವ್ವ. ಹಳ್ಳಕ್ಕೆ ನೀರಿಗೆ ಹೋದವಳು, ತುಂಬಿದ ಕೊಡ ಹೊತ್ತು ಬಂದು ಗೋಡೆಯ ಬುಡದಲ್ಲಿ ನಿಂತಿದ್ದಳು.

“ನಿಚ್ಚಣಿಕಿ ಇಳಸ್ರಿ ಅಂದ್ಲು. ಇಳಸಬೇಕಂದ್ರ ಧೂಳು ಹತ್ತಿರ ಬಂದೈತಿ. ಒಳಗಿನ ಮಂದಿ ಬ್ಯಾಡ ಅಂತ ಇವನ ಕೈ ಹಿಡಕೊಂಡ್ರು. ಇವನೂ ಇಳಸಲಿಲ್ಲ. ಒಮ್ಮಿ ಎಳದ ನಿಚ್ಚಣಿಕಿ ಮುಂಜಾನಿತನಕ ಇಳಸಬಾರದು ಅಂತ ಆಗ ಕಟ್ಟಳಿ ಇತ್ತು. ಆಕಿ ಮೂರು ಸಲ ಕೂಗಿದ್ಲು. ಆಮ್ಯಾಲೆ ಕೂಗಲಿಲ್ಲ.”

“ದಂಡು ಅವಳನ್ನು...”

“ಎಲ್ಲೀ ದಂಡು?” ಗಾಳೆವ್ವ ಅಂಗೈಯನ್ನು ನೆಲಕ್ಕೆ ಬಡಿದಳು. “ಬಂದದ್ದು ಕುರಿ ಹಿಂಡು. ಬರ ಬಿದ್ದಲ್ಲಿಂದ ಮೇವು ಹುಡುಕ್ಕೊಂಡು ಬಂದ ಕುರಿ. ಮುಂಜಾನೆ ನಿಚ್ಚಣಿಕಿ ಇಳಿಸಿದ್ರು. ಬುಡಕ್ಕ ಕೊಡ ಇತ್ತು, ನೀರು ತುಳುಕಿದ್ದಿಲ್ಲ. ಆಕಿ ಇದ್ದಿಲ್ಲ. ಹಳ್ಳದಾಗ ಹುಡುಕಿದ್ರು, ಬಾವ್ಯಾಗ ಹುಡುಕಿದ್ರು, ತೌರಮನಿಗೆ ಆಳು ಕಳಿಸಿದ್ರು. ಎಲ್ಲಿ ಹೋದ್ಲೋ ಇವತ್ತಿಗೂ ಗೊತ್ತಿಲ್ಲ.”

ಅವತ್ತಿನಿಂದ ಕೆಂಚಪ್ಪ ಕಟ್ಟಳೆಯನ್ನೇ ತಿರುವಿ ಹಾಕಿದನಂತೆ. ಏಣಿ ಎಳೆಯುವ ಮೊದಲು ಹೊರಗಿರುವವರನ್ನು ಹೆಸರು ಹಿಡಿದು ಮೂರು ಸಲ ಕರೆಯಬೇಕು. ಒಬ್ಬರು ಹೊರಗಿದ್ದರೂ ಎಳೆಯಬಾರದು.

“ದಂಡು ಬಂದರೂ?”

“ಬಂದ್ರೂ.”

“ಹಾಗಾದರೆ ಗೋಪುರ ಕಟ್ಟಿ ಏನು ಪ್ರಯೋಜನ?”

ನನ್ನ ಮಾತಿನಲ್ಲಿದ್ದದ್ದು ಕುತೂಹಲವಲ್ಲ, ಬೇಸರ. ಗಾಳೆವ್ವ ಅದನ್ನು ಕಂಡುಕೊಂಡಳು. “ಪ್ರಯೋಜನ ಚನ್ನವೀರನ್ನ ಕೇಳು, ಅವನ ಹತ್ರ ಪುಸ್ತಕ ಐತಿ,” ಎಂದಳು.

ಕಟ್ಟಳೆ ಊರಿನವರಿಗಷ್ಟೇ ಅಲ್ಲವಂತೆ. ಒಮ್ಮೆ ಏಣಿ ಹತ್ತಿ ಇಳಿದು, ಬರುತ್ತೇನೆ ಎಂದು ಹೇಳಿ ಹೋದವರು ಯಾವ ಊರಿನವರಾದರೂ ಹುಡೇವಿಗೆ ಸೇರಿದವರು. ಅವರು ಬರುವ ತನಕ ಅದು ಅವರಿಗಾಗಿ ನಿಂತಿರಬೇಕು. ಅದಕ್ಕೇ ಊರಿನವರು ಅಲ್ಲಿಂದ ಹೊರಡುವಾಗ ‘ಹೋಗತೀನಿ’ ಎನ್ನುತ್ತಾರೆ. ಎಷ್ಟು ಕೆಟ್ಟದಾಗಿ ಕೇಳಿಸಿದರೂ ಸರಿ, ಮುದುಕಿಯ ಕೈ ಕಟ್ಟಿ ಹಾಕಬಾರದೆಂದು.

“ಹೋದವರು ಬರುವುದೇ ಇಲ್ಲ ಅಂತಾದರೆ?” ಎಂದೆ.

“ಅವರ ಮನಿಯವರು ಬರಬೇಕು. ಬುಡಕ್ಕ ನಿಂತು ‘ಅವರ ಬದಲಿ ನಾ ಬಂದೀನಿ’ ಅನಬೇಕು. ಹತ್ತಬೇಕು. ತಮ್ಮ ಕೈಲೆ ನಿಚ್ಚಣಿಕಿ ಎಳೀಬೇಕು. ನಾ ಲಗ್ನಾಗಿ ಬಂದ ವರ್ಸ ಒಬ್ಬಾಕಿ ಬಂದಿದ್ಲು. ಎತ್ತಿನ ವ್ಯಾಪಾರಕ್ಕ ಹೋದ ಅಣ್ಣನ ಬದಲಿ ಬಂದಾಕಿ. ಮೂರು ವರ್ಸ ನಿಂತಿತ್ತು ಅವಾಗ.”

ಬಿಸಿಲು ಪಡುವಣಕ್ಕೆ ವಾಲಿತು. ಏಣಿಯ ನೆರಳು ಉದ್ದವಾಗುತ್ತ ನನ್ನ ಕಾಲಿನವರೆಗೆ ಬಂತು. ಮೆಟ್ಟಿಲುಗಳ ನೆರಳನ್ನು ನೋಡುತ್ತಿದ್ದೆ. ಹದಿನಾಲ್ಕು ತಿಂಗಳಿಂದ ಮೇಲೆ ಬಾರದೆ ಬಿದ್ದಿದ್ದ ಒಂದು ಮಾತು ಆಗ ಮೇಲೆ ಬಂತು.

ಜ್ವರದ ಮೂರನೆಯ ದಿನ. ಅವರ ಕಣ್ಣುಗಳು ಕೆಂಪಾಗಿದ್ದವು. ನಾನು ಹಣೆಯ ಬಟ್ಟೆ ಬದಲಾಯಿಸುತ್ತಿದ್ದೆ. “ಏಣಿ ಎಳೆದರಾ, ನೋಡು,” ಎಂದರು. ನಮ್ಮ ಒಳಕೋಣೆಯಲ್ಲಿ ಅಟ್ಟಕ್ಕೆ ಒಂದು ಏಣಿಯಿತ್ತು. ಬೆಳಿಗ್ಗೆ ಅದರ ಮೇಲಿಂದ ಕಂಬಳಿ ಇಳಿಸಿದ್ದೆ. ಅದನ್ನೇ ಕೇಳುತ್ತಿದ್ದಾರೆ ಎಂದುಕೊಂಡೆ. ಅದು ಗೋಡೆಗೆ ಒರಗಿಕೊಂಡೇ ಇತ್ತು. ನಾನು ಎದ್ದು ನೋಡಲಿಲ್ಲ. “ಎಳೆದಾಯಿತು, ಮಲಗಿ,” ಎಂದೆ.

“ಎಳೆದುಬಿಟ್ಟರಾ?”

“ಹೂಂ.”

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿದರು. ಅದಾದ ಮೇಲೆ ಅವರು ನನ್ನೊಡನೆ ಮಾತಾಡಲಿಲ್ಲ, ಯಾರೊಡನೆಯೂ ಆಡಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳಲು ಏನಿತ್ತು? ಜ್ವರದವರು ಏನೋ ಕೇಳುತ್ತಾರೆ, ಹತ್ತಿರ ಕುಳಿತವರು ಹೂಂ ಎನ್ನುತ್ತಾರೆ.

“ಹೋದ ವರ್ಷ ಯಾವಾಗಿನಿಂದ ಎಳೆದಿಲ್ಲ?” ಎಂದು ಕೇಳಿದೆ.

ಗಾಳೆವ್ವ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು ಪಡುವಣ ನೋಡಿದಳು. “ಸಂಕ್ರಾಂತಿ ಆಗಿ ಎಂಟು ದಿನಕ್ಕ,” ಎಂದು ಏಣಿಗೆ ಕೈ ಹಚ್ಚಿದಳು. “ಹೊತ್ತಾತು. ಒಂದು ಮಾತು ನಡಸಿಕೊಡು ಯವ್ವಾ. ಹೆಸರು ಕರಿಯೋತನಕ ಇರು. ಕೇಳಿದ ಮ್ಯಾಲೆ ಇಲ್ಲ ಅಂತ ಬರಿ. ಬರಿಯೋದು ನಿನ್ನ ಕೈಯಾಗೈತಿ, ನಾ ಹಿಡಿಯೂದಿಲ್ಲ.”

ಅವಳು ಹತ್ತುವುದನ್ನು ನೋಡಿದೆ. ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಕೂಡಿಸಿ ನಿಲ್ಲುತ್ತ, ಮೊಣಕಾಲಿಗೆ ಏನೋ ಬೈಯುತ್ತ ಹತ್ತಿದಳು. ಕಪ್ಪು ಕಿಂಡಿ ಅವಳನ್ನು ಒಳಗೆ ತೆಗೆದುಕೊಂಡಿತು.

ನಾನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕೊನೆಯ ಅಂಕಣ ಒಂದೇ ಖಾಲಿ. ಪೆನ್ನಿನ ಮುಚ್ಚಳ ತೆಗೆದೆ. ಈಗಲೇ ಬರೆದು ಎದ್ದು ರಸ್ತೆಗೆ ಹೋಗಿಬಿಡಬಹುದಿತ್ತು. ಮೇಲಿನಿಂದ ಹೆಸರು ಬೀಳುವ ಮೊದಲು ಹೋಗಿಬಿಡಬೇಕು ಅನ್ನಿಸಿತು. ಎರಡು ಅಕ್ಷರ. ಆದರೆ ಕಾಲು ಏಳಲಿಲ್ಲ. ಸೂರ್ಯ ಹೊಲಗಳ ಆಚೆ ಕೆಂಪಗೆ ಕುಳಿತಿದ್ದ, ಅವನೂ ಏಳಲಾರದವನಂತೆ.

“ಹೊರಗ ಯಾರದೀರಿ?”

ಅದು ಮುದುಕಿಯ ದನಿಯಾಗಿರಲಿಲ್ಲ. ಕಲ್ಲಿನ ಒಳಗೆ ಸುತ್ತಿ, ದಪ್ಪವಾಗಿ, ಬಯಲಿನ ತುದಿಯವರೆಗೆ ಹೋಗುವ ದನಿ.

“ಅಳತೀ ಕೇಶವಪ್ಪಾ! ಬಾರೋ ಯಪ್ಪಾ! ನಿಚ್ಚಣಿಕಿ ಎಳದಿಲ್ಲ!”

ದನಿ ಕೆರೆಯ ಕಡೆ ಹೋಗಿ ತಿರುಗಿ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಎಮ್ಮೆಯೊಂದು ತಲೆ ಎತ್ತಿತು, ಅದನ್ನು ಹೊಡೆದುಕೊಂಡು ಹೋಗುತ್ತಿದ್ದವನು ಎತ್ತಲಿಲ್ಲ. ಅವನು ಅದನ್ನು ದಿನವೂ ಕೇಳಿದ್ದ. ನಾನೂರಕ್ಕೂ ಮಿಕ್ಕಿದ ಸಂಜೆಗಳು. ನಾನು ನಮ್ಮ ಊರಿನಲ್ಲಿ ಅವರ ಮೇಜಿನ ಮುಂದೆ ಕುಳಿತು ಉಗ್ರಾಣದ ಚೀಟಿಗೆ ಉತ್ತರ ಬರೆಯುತ್ತಿದ್ದ ಸಂಜೆಗಳಲ್ಲೆಲ್ಲ ಇಲ್ಲಿ ಈ ಮಾತು ಬಯಲಿಗೆ ಹೋಗುತ್ತಿತ್ತು.

“ಅಳತೀ ಕೇಶವಪ್ಪಾ! ಬಾರೋ! ನಿಚ್ಚಣಿಕಿ ಎಳದಿಲ್ಲ!”

ಎದ್ದು ನಿಂತಿದ್ದೆ. ಹಾಳೆ ಎಲ್ಲಿ ಬಿತ್ತೋ ಗೊತ್ತಿಲ್ಲ. ಕೈ ಏಣಿಯ ಮೇಲಿತ್ತು. ಮರ ದಿನದ ಬಿಸಿಲನ್ನು ಇನ್ನೂ ಹಿಡಿದುಕೊಂಡು ಬೆಚ್ಚಗಿತ್ತು. ಅವರು ತೀರಿಕೊಂಡ ಮೇಲೆ ಅವರ ವಿಷಯವಾಗಿ ಹೇಳಬೇಕಾದುದನ್ನೆಲ್ಲ ಇನ್ನೊಬ್ಬರು ಹೇಳಿದ್ದರು. ನಾನು ಅರ್ಜಿಗಳ ಕೆಳಗೆ ಸಹಿ ಹಾಕಿದ್ದೆ, ಅಷ್ಟೇ.

ಮೂರನೆಯ ಸಲ ಅವಳು ಉಸಿರು ತೆಗೆದುಕೊಂಡದ್ದು ಕೆಳಗೆ ಕೇಳಿಸಿತು.

“ಅವರು ಬರುವುದಿಲ್ಲ,” ಎಂದೆ. ಅದು ಮೇಲಕ್ಕೆ ಮುಟ್ಟಲಿಲ್ಲ. ಮತ್ತೆ ಹೇಳಿದೆ. “ಅವರು ಬರುವುದಿಲ್ಲ ಗಾಳೆವ್ವಾ. ಅವರ ಬದಲಿಗೆ ನಾನು ಬಂದಿದ್ದೇನೆ.”

ಮೂರನೆಯ ಕೂಗು ಬರಲಿಲ್ಲ. ಆಮೇಲೆ ಕಿಂಡಿಯಲ್ಲಿ ಅವಳ ಮುಖ ಕಂಡಿತು. ಯಾರು ಎಂದು ಕೇಳಲಿಲ್ಲ. ಅಯ್ಯೋ ಎನ್ನಲಿಲ್ಲ.

“ಹತ್ತು,” ಎಂದಳು. “ಆರನೇ ಮೆಟ್ಟಲ ಸಡಲೈತಿ. ತುದೀಗೆ ಕಾಲಿಡು.”

ಒಳಗೆ ತಂಪು, ಬಾವಲಿಯ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಗೋಡೆಯ ಗೂಟದಲ್ಲಿ ಚರ್ಮದ ಒರೆ ಕಂಡಿತು. ಅದರಿಂದ ಹೊರಟ ಅಳತೆ ಪಟ್ಟಿ ಏಣಿಯ ತುದಿಗೆ ಗಂಟು ಹಾಕಿಕೊಂಡು ನಿಂತಿತ್ತು. ಅವರ ಗಂಟು. ಪಾದರಕ್ಷೆಯ ದಾರಕ್ಕೂ, ಹೋಳಿಗೆಯ ಡಬ್ಬಿಗೂ ಅವರು ಅದೇ ಗಂಟು ಹಾಕುತ್ತಿದ್ದರು.

“ಬಾಗಲದ ಅಳತಿ ಮುಗಿಸಿ ಮ್ಯಾಲಿಂದು ಅಳೀಬೇಕು ಅನ್ನೋದ್ರಾಗ ನಡಗಾಕತ್ತಿದ. ಮೈ ಮುಟ್ಟಿದ್ರ ಕೆಂಡ. ನಾನಽ ಹೋಗು ಅಂದೆ. ‘ನಾಳೆ ಬರತೀನಿ, ಪಟ್ಟಿಗೆ ಕೈ ಹಚ್ಚಬ್ಯಾಡ್ರಿ, ಏಣಿ ಎಳೀಬ್ಯಾಡ್ರಿ’ ಅಂದ. ಹೊನ್ನವ್ವನ ಸುದ್ದಿ ಕೇಳಿದ್ದನಲ್ಲ, ಇಳೀತಾ ಇಳೀತಾ ನಗಾಕತ್ತಿದ್ದ. ‘ನನ್ನ ಹೆಸರೂ ಕರೀತೀರೇನು ಗಾಳೆವ್ವ’ ಅಂತ.”

ನಾನು ಅವಳಿಗೆ ಹೇಳಿದೆ. ಮೂರನೆಯ ದಿನದ ಮಾತು, ನಾನು ಎದ್ದು ನೋಡದೆ ಇದ್ದದ್ದು, ಎಳೆದಾಯಿತು ಎಂದದ್ದು, ಅವರು ಗೋಡೆಗೆ ತಿರುಗಿದ್ದು. ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಿದೆ. ಅಷ್ಟು ಬೇಗ ಮುಗಿಯಿತೇ ಎಂದು ನನಗೇ ಆಶ್ಚರ್ಯವಾಯಿತು.

ಗಾಳೆವ್ವ ಕಿಂಡಿಯ ಹೊರಗೆ ನೋಡುತ್ತ ಕೇಳಿದಳು.

“ಕೆಂಚಪ್ಪನೂ ಗೊತ್ತಿಲ್ದಽ ಎಳದ,” ಎಂದಳು ಕೊನೆಗೆ. ತಪ್ಪು ಎಂದೂ ಅನ್ನಲಿಲ್ಲ, ತಪ್ಪಲ್ಲ ಎಂದೂ ಅನ್ನಲಿಲ್ಲ. ಏಣಿಗೆ ಕಟ್ಟಿದ್ದ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು. “ಎಳಿ.”

ಎಳೆದೆ. ಏಣಿ ಅಲುಗಲಿಲ್ಲ. ವರ್ಷದ ಮೇಲೆ ನಿಂತಲ್ಲೇ ನಿಂತು ಅದರ ಕಾಲುಗಳು ನೆಲದೊಳಗೆ ಇಳಿದಿದ್ದವು, ಗೆದ್ದಲು ಸುತ್ತ ಮಣ್ಣು ಕಟ್ಟಿತ್ತು. ಗಾಳೆವ್ವ ಬಂದು ನನ್ನ ಹಿಂದೆ ನಿಂತು ಹಗ್ಗ ಹಿಡಿದಳು. ಇಬ್ಬರೂ ಕಾಲನ್ನು ಹೊಸ್ತಿಲ ಕಲ್ಲಿಗೆ ಕೊಟ್ಟು ಎಳೆದೆವು. ಕೆಳಗೆ ಏನೋ ಹರಿದಂತೆ ಸದ್ದಾಗಿ, ಏಣಿ ನೆಲ ಬಿಟ್ಟಿತು.

ನಾನು ಅತ್ತೆನೋ ಇಲ್ಲವೋ ಈಗ ನೆನಪಿಲ್ಲ. ಹಗ್ಗ ಒರಟಾಗಿತ್ತು ಎಂಬುದು ನೆನಪಿದೆ.

ಅರ್ಧ ಏಣಿ ಒಳಗೆ ಬಂದಿರುವಾಗ ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಹಿಂದೆಯೇ ಚನ್ನವೀರಯ್ಯನವರ ದನಿ. “ಅಕ್ಕಾರ! ಬಸ್ ಬಂತ್ರಿ! ಎಲ್ಲದೀರಿ? ಅಯ್ಯಯ್ಯ! ನಿಚ್ಚಣಿಕಿ!”

“ಎಳದಾತೋ ಚನ್ನವೀರಾ! ಇನ್ನ ಮುಂಜಾನೆ!” ಎಂದು ಕೂಗಿದಳು ಗಾಳೆವ್ವ.

“ಅಕ್ಕಾರು ಮ್ಯಾಲದಾರೇನು? ಅವರ ಹಾಳಿ ಇಲ್ಲೇ ಬಿದ್ದೈತಿ! ಕಡೇ ಅಂಕಣ ಖಾಲಿ ಐತಿ!”

“ಎತ್ತಿ ಇಟ್ಟುಕೋ! ಅದರ ಮ್ಯಾಲೆ ನಿನ್ನ ಕೈ ಓಡಸಬ್ಯಾಡ!”

ಬಸ್ಸು ಹೋಯಿತು. ಕೊನೆಯ ಮೆಟ್ಟಿಲು ಒಳಗೆ ಬಂದಾಗ ಹೊರಗೆ ಬೆಳಕು ಆರಿತ್ತು. ಗಾಳೆವ್ವ ಕಂಬಳಿ ಕೊಟ್ಟಳು. ಮಲಗಿದೆ. ಹದಿನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನಡುವೆ ಎಚ್ಚರವಾಗಲಿಲ್ಲ.

ಬೆಳಿಗ್ಗೆ ಉಳಿದ ಅಳತೆ ಮುಗಿಸಿದೆವು. ಪಟ್ಟಿಯ ಒಂದು ತುದಿ ಅವಳು ಹಿಡಿದಳು, ಒಂದು ತುದಿ ನಾನು. ಅವರ ಗಂಟನ್ನು ಬಿಚ್ಚುವಾಗ ಮಾತ್ರ ನಾನು ಸ್ವಲ್ಪ ತಡ ಮಾಡಿದೆ. ಆಮೇಲೆ ಏಣಿ ಇಳಿಸಿದೆವು. ಕೆಳಗೆ ಚನ್ನವೀರಯ್ಯ ಹಾಳೆಯನ್ನು ಛತ್ರಿಯೊಳಗೆ ಸುತ್ತಿ ಹಿಡಿದು ನಿಂತಿದ್ದರು. ಕೊನೆಯ ಅಂಕಣದಲ್ಲಿ ‘ಇದೆ’ ಎಂದು ಬರೆದೆ. ಅವರು ಬಗ್ಗಿ ಓದಿದರು. ಏಣಿಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು. “ಹಂಗಾರ ಗುಡ್ಡಕ್ಕಽ ಹೋಗಬೇಕು,” ಎಂದು ನಿಟ್ಟುಸಿರು ಬಿಟ್ಟರು. “ಹೆಗಲು ಹುಡುಕಬೇಕು.”

ಅಳತೆ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡೆ. ಮರುದಿನ ಅದನ್ನು ಉಗ್ರಾಣಕ್ಕೆ ಒಪ್ಪಿಸಿದೆ. ಸಹಿ ಹಾಕಿಸಿಕೊಂಡು ತೆಗೆದುಕೊಂಡರು.

ನಾನು ಅಲ್ಲಿಂದ ಹೊರಡುವಾಗ ಗಾಳೆವ್ವ ಕಿಂಡಿಯಲ್ಲಿ ಕುಳಿತು ಕಾಲನ್ನು ಹೊರಗೆ ಇಳಿಬಿಟ್ಟಿದ್ದಳು. “ಬರತೀನಿ ಅಂತ ಅನಬ್ಯಾಡ ನೋಡು,” ಎಂದಳು. “ನನ್ನ ಎದೀಯಾಗ ಇನ್ನೊಂದು ವರ್ಸ ಒದರೋವಷ್ಟು ಉಸರಿಲ್ಲ.”

ಹುಟ್ಟಿದಂದಿನಿಂದ ಬಾಯಿಗೆ ರೂಢಿಯಾದ ಮಾತು ನಾಲಗೆಯ ಮೇಲೆ ಬಂದು ನಿಂತಿತ್ತು. ಅದನ್ನು ನುಂಗಿದೆ.

“ಹೋಗುತ್ತೇನೆ,” ಎಂದೆ.

ರಸ್ತೆಗೆ ಬಂದು ಒಮ್ಮೆ ತಿರುಗಿ ನೋಡಿದೆ. ಇಳಿಸುವಾಗ ನಾವು ಏಣಿಯನ್ನು ಮೊದಲಿನ ಜಾಗಕ್ಕೇ ಇಟ್ಟೆವೆಂದುಕೊಂಡಿದ್ದೆ. ಇಟ್ಟಿರಲಿಲ್ಲ. ಗೋಡೆಯ ಬುಡದಲ್ಲಿ ಎರಡು ಹಳೆಯ ಕುಳಿಗಳು ಬಾಯಿ ತೆರೆದುಕೊಂಡು ಹಾಗೆಯೇ ಇದ್ದವು. ಏಣಿ ಅವುಗಳಿಂದ ಒಂದು ಗೇಣು ಈಚೆಗೆ, ಗಟ್ಟಿ ನೆಲದ ಮೇಲೆ ನಿಂತಿತ್ತು.